ತೀರ್ಥಯಾತ್ರೆಯೂ ವೈಯಾವೃತ್ತ್ಯವೂ

ತೀರ್ಥವಂದನೆ ಶ್ರಾವಕನ ಶುಭಾಕಾಂಕ್ಷೆಗಳಲ್ಲಿ ಒಂದು. ಸಮ್ಮೇದಶಿಖರವನ್ನು ಒಮ್ಮೆಯಾದರೂ ವಂದಿಸಬೇಕು, ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪಾದಮೂಲದಲ್ಲಿ ಒಮ್ಮೆಯಾದರೂ ನಿಲ್ಲಬೇಕು ಎಂಬ ಹಂಬಲವಿಲ್ಲದ ಜೈನಮನೆ ಇರಲಾರದು. ಆದರೆ ನಮ್ಮ ತೀರ್ಥಕ್ಷೇತ್ರಗಳಲ್ಲಿ ಹೆಚ್ಚಿನವು ಬೆಟ್ಟದ ಮೇಲಿವೆ. ನಡೆಯಲಾರದವನು, ನಿಲ್ಲಲಾರದವನು, ಕಣ್ಣು ಕಾಣದವನು ಮನೆಯಲ್ಲಿದ್ದರೆ ಆ ಮನೆಯವರ ಯಾತ್ರೆಯ ಗತಿಯೇನು? ಸಾಮಾನ್ಯವಾಗಿ ಮೂರು ಉತ್ತರಗಳು ಕೇಳಿಬರುತ್ತವೆ. ಅವನನ್ನು ಬಂಧುಗಳ ಮನೆಯಲ್ಲಿ ಬಿಟ್ಟು ಉಳಿದವರು ಹೋಗುವುದು ಒಂದು. ಹೇಗಾದರೂ ಮಾಡಿ ಹೊತ್ತುಕೊಂಡು ಹೋಗುವುದು ಎರಡನೆಯದು. ಯಾರೂ ಹೋಗದೆ ಇರುವುದು ಮೂರನೆಯದು. ಮೊದಲನೆಯದರಲ್ಲಿ ಅವನ ಆಸೆಗೆ ಬೆಲೆಯಿಲ್ಲ. ಎರಡನೆಯದರಲ್ಲಿ ‘ಹೇಗಾದರೂ’ ಎಂಬ ಮಾತಿನೊಳಗೆ ಯಾರ ನೋವು ಅಡಗಿದೆ ಎಂದು ಯಾರೂ ನೋಡುವುದಿಲ್ಲ. ಮೂರನೆಯದರಲ್ಲಿ ಮನೆಮಂದಿಯ ನಿರಾಶೆಗೆಲ್ಲ ಅವನೇ ಕಾರಣನೆಂಬ ಭಾವ ಬೆಳೆಯುತ್ತದೆ. ಆದುದರಿಂದ ಈ ವಿಷಯವನ್ನು ಅನುಕೂಲ ಪ್ರತಿಕೂಲಗಳ ದೃಷ್ಟಿಯಿಂದ ಮಾತ್ರವಲ್ಲದೆ ವ್ರತದ ದೃಷ್ಟಿಯಿಂದಲೂ ವಿಚಾರಿಸಬೇಕಾಗಿದೆ.

ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೆಸರು ಬೇಕಿಲ್ಲ, ಇಂಥ ಮನೆಗಳು ಅನೇಕ ಊರುಗಳಲ್ಲಿವೆ. ಆ ಮನೆಯ ಮಗಳಿಗೆ ಇಪ್ಪತ್ತೆರಡು ವರ್ಷ. ಹುಟ್ಟಿನಿಂದಲೇ ಕೈಕಾಲುಗಳ ಮೇಲೆ ಹಿಡಿತವಿಲ್ಲ; ಗಾಲಿಕುರ್ಚಿಯೇ ಅವಳ ನಡೆ. ಬುದ್ಧಿ ತೀಕ್ಷ್ಣವಾದುದು, ಮಾತು ಮಾತ್ರ ನಿಧಾನ. ಅವಳನ್ನು ಎತ್ತುವುದು, ಸ್ನಾನ ಮಾಡಿಸುವುದು, ಉಣಿಸುವುದು ಎಲ್ಲವೂ ತಾಯಿಯ ಪಾಲು. ಮಗಳು ಐದು ವರ್ಷದವಳಿದ್ದಾಗ ಕಠಿಣ ಜ್ವರದಲ್ಲಿ ಮಲಗಿದ್ದಳು. ಉಳಿದರೆ ಬೆಳಗೊಳದ ದೊಡ್ಡಬೆಟ್ಟಕ್ಕೆ ಅವಳನ್ನು ಕರೆದೊಯ್ಯುತ್ತೇನೆ ಎಂದು ತಂದೆ ಅಂದು ಸಂಕಲ್ಪ ಮಾಡಿದರು. ಹದಿನೇಳು ವರ್ಷಗಳಾದರೂ ಅದು ನೆರವೇರಿಲ್ಲ. ಈ ವರ್ಷ ರಜೆಗೆ ಹೊಂದಿಕೆಯಾಗುವ ಒಂದು ಚತುರ್ದಶಿಯಂದು ಹೊರಡುವುದೆಂದು ತಂದೆ ನಿಶ್ಚಯಿಸಿದ್ದಾರೆ. ತಾಯಿಗೆ ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸದ ನಿಯಮವಿದೆ. ಉಪವಾಸದ ದಿನ ಪ್ರಯಾಣ, ಅದರ ಮೇಲೆ ಎತ್ತಿ ಇಳಿಸುವ ಕೆಲಸ. “ಭಗವಂತನ ದರ್ಶನಕ್ಕೆ ಹೋಗುವಾಗ ಆಯಾಸವೇನು ಬಂತು” ಎಂದು ಆಕೆ ಸುಮ್ಮನಾಗಿದ್ದಾರೆ.

ಇಲ್ಲಿ ಯಾರೂ ಕೆಟ್ಟವರಲ್ಲ. ತಂದೆಗೆ ಭಕ್ತಿಯಿದೆ, ತಾಯಿಗೆ ವ್ರತನಿಷ್ಠೆಯಿದೆ. ಆದರೂ ಆ ಮನೆಯಲ್ಲಿ ಯಾವುದೋ ಒಂದು ತಪ್ಪು ನಡೆಯುತ್ತಿದೆ ಎಂದು ಓದುಗರಿಗೆ ಅನ್ನಿಸದೆ ಇರದು. ಅದು ಯಾವುದು?

ಮೊದಲು ತಂದೆಯ ಸಂಕಲ್ಪವನ್ನು ನೋಡಬೇಕು. ‘ಇದಾದರೆ ಇದನ್ನು ಮಾಡುತ್ತೇನೆ’ ಎಂಬ ಹರಕೆಗೂ ಜೈನಶಾಸ್ತ್ರ ಹೇಳುವ ವ್ರತಕ್ಕೂ ಅಂತರವಿದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಫಲವನ್ನು ಬಯಸಿ ಕಟ್ಟುವ ಹರಕೆಯಲ್ಲಿ ನಿದಾನದ ಮುಳ್ಳು ಇದ್ದೇ ಇರುತ್ತದೆ. ಮಗುವಿನ ಪ್ರಾಣಕ್ಕಾಗಿ ತಳಮಳಿಸಿದ ತಂದೆಯನ್ನು ಅದಕ್ಕಾಗಿ ದೂಷಿಸಬೇಕಿಲ್ಲ. ಆದರೆ ಇನ್ನೊಂದು ಅಂಶವನ್ನು ಮರೆಯಬಾರದು. ಒಬ್ಬನು ಕೈಗೊಂಡ ಸಂಕಲ್ಪವು ಅವನನ್ನು ಮಾತ್ರ ಬಂಧಿಸುತ್ತದೆ. ಅವನ ಸಂಕಲ್ಪ ಈಡೇರಲು ಇನ್ನೊಬ್ಬರ ದೇಹ ದಣಿಯಬೇಕಾದರೆ, ಆ ದಣಿವನ್ನು ಅವರಿಂದ ಮಾಡಿಸಿದವನು ಅವನೇ ಆಗುತ್ತಾನೆ. ಕೃತ, ಕಾರಿತ, ಅನುಮತ ಎಂದು ಮೂರು ವಿಧಗಳಲ್ಲಿ ಕರ್ಮದ ಹೊಣೆಯನ್ನು ಎಣಿಸುವ ಧರ್ಮದಲ್ಲಿ ‘ನಾನು ಎತ್ತಲಿಲ್ಲ, ಅವಳು ತಾನಾಗಿ ಎತ್ತಿದಳು’ ಎಂದು ಹೇಳಿ ಪಾರಾಗುವಂತಿಲ್ಲ. ಹದಿನೇಳು ವರ್ಷಗಳಲ್ಲಿ ಆ ಮನೆಯಲ್ಲಿ ತಾಯಿಯನ್ನಾಗಲಿ ಮಗಳನ್ನಾಗಲಿ ಯಾರೂ ಕೇಳಿಲ್ಲ. ಮೊದಲ ದೋಷ ಇದು.

ಎರಡನೆಯದು ಇನ್ನೂ ಗಹನವಾದುದು. ಪ್ರಾಣಕ್ಕೆ ಬಾಧೆಯಾದ ಮಾತ್ರಕ್ಕೆ ಹಿಂಸೆ ಎಂದು ನಮ್ಮ ಆಚಾರ್ಯರು ಹೇಳಲಿಲ್ಲ. ಪ್ರಮಾದದ ಯೋಗದಿಂದ ಆಗುವ ಬಾಧೆಯನ್ನು ಹಿಂಸೆ ಎಂದರು. ಪ್ರಮಾದವೆಂದರೆ ಎಚ್ಚರವಿಲ್ಲದಿರುವುದು, ಕಣ್ಣೆದುರಿಗಿದ್ದುದನ್ನು ನೋಡದಿರುವುದು. ಮುನಿಗಳು ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವುದು ಈರ್ಯಾಸಮಿತಿ. ಗೃಹಸ್ಥನು ಅಂಗವಿಕಲನಾದ ತನ್ನವನನ್ನು ಕರೆದುಕೊಂಡು ಹೊರಡುವಾಗ ದಾರಿ, ಮೆಟ್ಟಿಲು, ಬಾಗಿಲು, ಶೌಚಗೃಹ, ಬಿಸಿಲು, ಔಷಧಿ ಇವೆಲ್ಲವನ್ನೂ ಮುಂಚಿತವಾಗಿ ವಿಚಾರಿಸುವುದು ಅದೇ ಸಮಿತಿಯ ಗೃಹಸ್ಥರೂಪವೆಂದರೆ ತಪ್ಪಾಗಲಾರದು. ಮುಂದಾಲೋಚನೆಯನ್ನು ಲೌಕಿಕ ವ್ಯವಹಾರವೆಂದು ತಳ್ಳಿ, ‘ಎಲ್ಲ ಭಗವಂತನ ಮೇಲೆ ಬಿಟ್ಟಿದ್ದೇವೆ’ ಎನ್ನುವುದು ಜೈನನಿಗೆ ಒಪ್ಪುವ ಮಾತಲ್ಲ. ವೀತರಾಗನಾದ ಜಿನನು ಶೌಚಗೃಹದ ಬಾಗಿಲನ್ನು ಅಗಲಮಾಡಿ ಕೊಡುವುದಿಲ್ಲ. ಅದನ್ನು ಅಳೆದು ನೋಡಬೇಕಾದವರು ಹೊರಡುವವರೇ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳನ್ನು ಓದುವಾಗ ಎತ್ತು ಕುದುರೆಗಳ ನೆನಪಾಗುವುದು ಸಹಜ. ಅತಿಭಾರಾರೋಪಣ ಎಂದರೆ ಶಕ್ತಿಮೀರಿ ಹೊರೆ ಹೇರುವುದು. ಅನ್ನಪಾನನಿರೋಧ ಎಂದರೆ ಅಧೀನದಲ್ಲಿರುವ ಜೀವಿಗೆ ಆಹಾರ ನೀರುಗಳನ್ನು ತಡೆಯುವುದು. ಎತ್ತಿನ ವಿಷಯದಲ್ಲಿ ಅತಿಚಾರವಾದುದು ಮನೆಯ ಮನುಷ್ಯರ ವಿಷಯದಲ್ಲಿ ಪುಣ್ಯವಾಗುವುದು ಸಾಧ್ಯವೇ? ಉಪವಾಸದಲ್ಲಿರುವ ತಾಯಿ ಬೆಳೆದ ಮಗಳನ್ನು ದಿನಕ್ಕೆ ಹತ್ತಾರು ಬಾರಿ ಎತ್ತಿ ಇಳಿಸುವಂತೆ ಯಾತ್ರೆಯನ್ನು ಏರ್ಪಡಿಸಿದರೆ ಅದು ಅತಿಭಾರಾರೋಪಣವಲ್ಲದೆ ಬೇರೇನೂ ಅಲ್ಲ.

ಅನ್ನಪಾನನಿರೋಧ ಇನ್ನೂ ಗುಪ್ತವಾಗಿ ನಡೆಯುತ್ತದೆ. ಗಾಲಿಕುರ್ಚಿಯಲ್ಲಿ ಪ್ರಯಾಣ ಮಾಡುವ ಅನೇಕರು, ಮುಖ್ಯವಾಗಿ ಹೆಣ್ಣುಮಕ್ಕಳು, ಹೊರಡುವ ಹಿಂದಿನ ರಾತ್ರಿಯಿಂದಲೇ ನೀರನ್ನು ಕಡಿಮೆ ಮಾಡುತ್ತಾರೆ. ದಾರಿಯಲ್ಲಿ ತಾವು ಬಳಸಬಹುದಾದ ಶೌಚಗೃಹ ಸಿಕ್ಕದು, ಸಿಕ್ಕರೂ ಯಾರನ್ನಾದರೂ ಕರೆಯಬೇಕು ಎಂಬ ಸಂಕೋಚವೇ ಕಾರಣ. ಬಾಯಾರಿಕೆಯನ್ನು ಯಾರಿಗೂ ಹೇಳದೆ ತಡೆದುಕೊಳ್ಳುತ್ತಾರೆ. ಇದರಿಂದ ಮೂತ್ರನಾಳದ ಸೋಂಕು, ತಲೆಸುತ್ತು ಮೊದಲಾದ ತೊಂದರೆಗಳು ಬರುತ್ತವೆ. ಮನೆಯವರು ‘ಇವಳೂ ನಮ್ಮಂತೆ ಉಪವಾಸ ಮಾಡಿದಳು’ ಎಂದು ಹೆಮ್ಮೆಪಡಬಹುದು. ಅದು ಉಪವಾಸವಲ್ಲ. ಪರವಶತೆಯಿಂದ ಸಹಿಸಿದ ಹಸಿವು ಬಾಯಾರಿಕೆಗಳನ್ನು ಶಾಸ್ತ್ರವು ಅಕಾಮನಿರ್ಜರೆ ಎಂಬ ಬೇರೆ ಹೆಸರಿನಿಂದ ಕರೆದು, ಅರಿತು ಮಾಡಿದ ತಪಸ್ಸಿನಿಂದ ಪ್ರತ್ಯೇಕಿಸಿದೆ. ಶೌಚಗೃಹದ ಏರ್ಪಾಡಿಲ್ಲದ ಯಾತ್ರೆಗೆ ಅವಳನ್ನು ಕರೆದೊಯ್ದವರೇ ಅವಳ ನೀರನ್ನು ತಡೆದವರು.

ಇನ್ನು ತಾಯಿಯ ಉಪವಾಸದ ಪ್ರಶ್ನೆ. ಉಪವಾಸವನ್ನು ಬಿಡಬೇಕೆ, ಶುಶ್ರೂಷೆಯನ್ನು ಬಿಡಬೇಕೆ? ತಪಸ್ಸು ಹನ್ನೆರಡು ವಿಧ. ಅನಶನ, ಅವಮೌದರ್ಯ ಮೊದಲಾದ ಆರು ಬಾಹ್ಯತಪಗಳು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಆರು ಅಂತರಂಗತಪಗಳು. ಉಪವಾಸವು ಬಾಹ್ಯದಲ್ಲಿ ಸೇರಿದೆ. ಬಳಲಿದವರ ಸೇವೆಯಾದ ವೈಯಾವೃತ್ತ್ಯವು ಅಂತರಂಗದಲ್ಲಿ ಸೇರಿದೆ. ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ ಎಂದರೆ ರೋಗಪೀಡಿತನೂ ಒಬ್ಬನು. ಈ ಮಾತು ಮುಖ್ಯವಾಗಿ ಸಂಯಮಿಗಳ ಸೇವೆಯನ್ನು ಕುರಿತದ್ದೆಂಬುದು ನಿಜ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನೇ ಶ್ರಾವಕನ ನಾಲ್ಕನೆಯ ಶಿಕ್ಷಾವ್ರತವನ್ನಾಗಿ ಹೇಳುವಾಗಲೂ ಅವರ ದೃಷ್ಟಿ ತಪೋಧನರ ಮೇಲೆಯೇ ಇದೆ. ಆದರೆ ಶಿಕ್ಷಾವ್ರತವೆಂದರೆ ಅಭ್ಯಾಸ. ಮುನಿಯ ದಣಿದ ಕಾಲನ್ನು ಒತ್ತಲು ಕಲಿತ ಕೈಗಳು ಮನೆಯ ಮಗಳ ಕಾಲನ್ನು ಕಂಡಾಗ ಮರಗಟ್ಟುವುದಾದರೆ ಆ ಅಭ್ಯಾಸ ಸಾರ್ಥಕವಾಯಿತೆನ್ನಲು ಬರುವುದಿಲ್ಲ.

ಹಾಗೆಂದು ವೈಯಾವೃತ್ತ್ಯದ ಹೆಸರಿನಲ್ಲಿ ಕೈಗೊಂಡ ಉಪವಾಸವನ್ನು ಮುರಿಯಬಹುದೆಂದು ಇಲ್ಲಿ ಹೇಳುತ್ತಿಲ್ಲ. ಹಾಗೆ ಮಾಡಿದರೆ ವ್ರತವು ಅನುಕೂಲಶಾಸ್ತ್ರವಾಗಿಬಿಡುತ್ತದೆ ಎಂಬ ಹಿರಿಯರ ಆತಂಕ ಸರಿಯಾದುದೇ. ಆದರೆ ಈ ಮನೆಯಲ್ಲಿ ಅಂಥ ಸಂಕಟವೇ ಇಲ್ಲ. ಚತುರ್ದಶಿ ತಾಯಿಯ ವ್ರತದಲ್ಲಿದೆ. ಯಾತ್ರೆಯ ದಿನ ಚತುರ್ದಶಿಯೇ ಆಗಬೇಕೆಂಬುದು ಯಾರ ವ್ರತದಲ್ಲಿಯೂ ಇಲ್ಲ. ವ್ರತವನ್ನು ಕದಲಿಸಬೇಕಿಲ್ಲ, ಪ್ರಯಾಣದ ದಿನವನ್ನು ಕದಲಿಸಿದರೆ ಸಾಕು. ಪ್ರೋಷಧೋಪವಾಸದ ದಿನವಾದರೋ ಗೃಹಾರಂಭಗಳನ್ನು ಬಿಟ್ಟು ಧರ್ಮಧ್ಯಾನದಲ್ಲಿ ಕಳೆಯಬೇಕಾದ ದಿನ; ಸಾಮಾನು ಕಟ್ಟಿ, ಬಸ್ಸು ಹಿಡಿದು, ಜನಜಂಗುಳಿಯಲ್ಲಿ ಕಳೆಯಬೇಕಾದ ದಿನವಲ್ಲ. ನಮ್ಮ ಮನೆಗಳಲ್ಲಿ ವ್ರತಗಳು ಪರಸ್ಪರ ಢಿಕ್ಕಿ ಹೊಡೆಯುವಂತೆ ತೋರುವ ಎಷ್ಟೋ ಸಂದರ್ಭಗಳಲ್ಲಿ ಢಿಕ್ಕಿ ಹೊಡೆಯುವುದು ವ್ರತಗಳಲ್ಲ, ಗೃಹಸ್ಥನ ಆತುರ. ಹೊಸದಾಗಿ ನಿಯಮ ತೆಗೆದುಕೊಳ್ಳುವವರಿಗೂ ಇಲ್ಲಿ ಪಾಠವಿದೆ. ತಪಸ್ಸನ್ನು ಶಕ್ತಿಗೆ ತಕ್ಕಂತೆ ಮಾಡಬೇಕೆಂದು ಷೋಡಶಕಾರಣ ಭಾವನೆಗಳಲ್ಲಿಯೇ ಹೇಳಿದೆ. ದಿನವಿಡೀ ಇನ್ನೊಬ್ಬರನ್ನು ಎತ್ತುವವರು ತಮ್ಮ ಶಕ್ತಿಯನ್ನು ಅಳೆಯುವಾಗ ಆ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಅಪಸ್ಮಾರಕ್ಕೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಪ್ರಯಾಣದ ದಿನ ಉಪವಾಸಕ್ಕೆ ಕೈಹಾಕಬಾರದು. ಅವರಿಗೆ ರಸಪರಿತ್ಯಾಗವುಂಟು, ಸ್ವಾಧ್ಯಾಯವುಂಟು. ತಪಸ್ಸಿನ ಬಾಗಿಲು ಒಂದೇ ಅಲ್ಲ.

ಕೆಲವರು ಇನ್ನೊಂದು ಆಕ್ಷೇಪವನ್ನು ಎತ್ತುತ್ತಾರೆ: ‘ಅಂಗವೈಕಲ್ಯ ಪೂರ್ವಕರ್ಮದ ಫಲ, ಅದನ್ನು ಅನುಭವಿಸಿಯೇ ತೀರಬೇಕು, ಇಷ್ಟೆಲ್ಲ ಏರ್ಪಾಡು ಏಕೆ?’ ಈ ಮಾತು ಶಾಸ್ತ್ರದಂತೆ ಕೇಳಿಸಿದರೂ ಅರ್ಧಶಾಸ್ತ್ರ. ಕರ್ಮವು ಉದಯಕ್ಕೆ ಬಂದವನ ಲೆಕ್ಕ ಒಂದು ಕಡೆ ಇರಲಿ. ಅದನ್ನು ನೋಡುತ್ತ ನಿಂತವನು ಆ ಕ್ಷಣದಲ್ಲಿ ಏನನ್ನು ಕಟ್ಟಿಕೊಳ್ಳುತ್ತಿದ್ದಾನೆ? ತನ್ನಲ್ಲಿ, ಪರರಲ್ಲಿ, ಉಭಯರಲ್ಲಿ ದುಃಖಶೋಕಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದೂ, ಜೀವಿಗಳಲ್ಲಿ ಅನುಕಂಪೆ ಸಾತಾವೇದನೀಯಕ್ಕೆ ಕಾರಣವೆಂದೂ ಅದೇ ಶಾಸ್ತ್ರ ಹೇಳುತ್ತದೆ. ಹಸಿದವನಿಗೆ ಅನ್ನವಿಕ್ಕುವಾಗ ಅವನ ಪೂರ್ವಕರ್ಮವನ್ನು ಕೇಳದವರು ಮೆಟ್ಟಿಲ ಬಳಿ ಹಲಗೆಯೊಂದನ್ನು ಹಾಕುವಾಗ ಮಾತ್ರ ಏಕೆ ಕೇಳಬೇಕು?

ಈಗ ಕ್ಷೇತ್ರಗಳ ವಿಚಾರ. ಎಲ್ಲ ತೀರ್ಥಗಳೂ ಒಂದೇ ಬಗೆಯವಲ್ಲ. ಜಾರ್ಖಂಡದ ಪಾರಸನಾಥ ಬೆಟ್ಟದಲ್ಲಿರುವ ಸಮ್ಮೇದಶಿಖರ ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿ; ಮಧುವನದಿಂದ ಹತ್ತಿ, ಟೋಂಕುಗಳನ್ನು ವಂದಿಸಿ ಇಳಿಯುವ ದಾರಿ ಸುಮಾರು 27 ಕಿಲೋಮೀಟರು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಬರಿಗಾಲಿನಲ್ಲಿಯೇ ಹತ್ತಬೇಕು. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠಾಪಿತವಾದ 39 ಅಡಿಯ ಬಾಹುಬಲಿಯ ಬಳಿಗೆ ಬೆಟ್ಟದ ಮೇಲಕ್ಕೆ ವಾಹನದ ದಾರಿಯಿದೆ. 1604ರಲ್ಲಿ ಸ್ಥಾಪಿತವಾದ ವೇಣೂರಿನ 35 ಅಡಿಯ ಮೂರ್ತಿ ಬೆಟ್ಟದ ಮೇಲಿಲ್ಲ, ನದಿಯ ದಂಡೆಯ ಸಮನೆಲದಲ್ಲಿದೆ. ಬಾಹುಬಲಿ ಈ ಮೂರೂ ಕಡೆ ಒಬ್ಬನೇ. ಒಂದು ಕ್ಷೇತ್ರ ಕಷ್ಟವಾದುದರಿಂದ ಶ್ರೇಷ್ಠ, ಇನ್ನೊಂದು ಸುಲಭವಾದುದರಿಂದ ಕನಿಷ್ಠ ಎಂಬ ಭಾವನೆ ಕಾಯಕ್ಲೇಶವನ್ನೇ ಭಕ್ತಿಯೆಂದು ತಿಳಿದುದರ ಫಲ.

ಬೆಟ್ಟವನ್ನೇ ಹತ್ತಬೇಕೆಂದಾದರೆ ಡೋಲಿಯುಂಟು. ಡೋಲಿಯಲ್ಲಿ ಕುಳಿತು ಹೋದವರಿಗೆ ವಂದನೆಯ ಫಲವುಂಟೇ ಎಂದು ಕೇಳುವವರಿದ್ದಾರೆ. ಫಲ ಭಾವಾನುಸಾರಿ, ಕಾಲಿಲ್ಲದವನ ಭಾವಕ್ಕೆ ಕುಂದಿಲ್ಲ. ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಹೊರುವವನ ಹೆಗಲು ಹೇಗಿದೆ? ಅತಿಭಾರಾರೋಪಣದ ಮಾತು ಅವನಿಗೂ ಅನ್ವಯಿಸುತ್ತದೆ. ಕೂರುವವರ ತೂಕವನ್ನು ಮರೆಮಾಚದೆ ಹೇಳಬೇಕು. ಕೂಲಿಯನ್ನು ಬುಡದಲ್ಲಿಯೇ ನಿಶ್ಚಯಿಸಿ ಪೂರ್ತಿಯಾಗಿ ಕೊಡಬೇಕು. ‘ಪುಣ್ಯದ ಕೆಲಸ’ ಎಂದು ಹೇಳಿ ನಾಲ್ಕು ಕಾಸು ಹಿಡಿಯಬಾರದು. ಅವರು ಕೇಳಿದೆಡೆ ನಿಲ್ಲಿಸಬೇಕು, ನೀರು ಕೊಡಬೇಕು, ನೆತ್ತಿಯ ಮೇಲೆ ಬಿಸಿಲು ಬರುವ ಮೊದಲೇ ಇಳಿಯುವಂತೆ ಹೊರಡಬೇಕು. ಕೂರುವವರ ಸೊಂಟ ನಿಲ್ಲದಿದ್ದರೆ ಮೆತ್ತನೆಯ ಅಗಲವಾದ ಪಟ್ಟಿಯಿಂದ ಬಿಗಿಯಬೇಕೆಂಬುದನ್ನು ಹೊರುವವರಿಗೆ ಮೊದಲೇ ತಿಳಿಸಬೇಕು.

ಹೊರಡುವ ಮುನ್ನ ಮನೆಯವರು ವಿಚಾರಿಸಿಕೊಳ್ಳಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತ. ಬೆಂಗಳೂರು ಹಾಸನಗಳ ನಡುವೆ ಶ್ರವಣಬೆಳಗೊಳದ ಮೂಲಕ ಹೋಗುವ ರೈಲುಮಾರ್ಗ 2017ರಲ್ಲಿ ತೆರೆಯಿತು. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ರೈಲಿನ ಸ್ಲೀಪರ್ ಮೊದಲಾದ ದರ್ಜೆಗಳಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿಯುಂಟು. ಜೊತೆಗಾರರೊಬ್ಬರಿಗೂ ಅಷ್ಟೇ ರಿಯಾಯಿತಿ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನೂ ಗುರುತುಚೀಟಿಯನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ವಸತಿಗೃಹಕ್ಕೆ ಪತ್ರ ಬರೆಯುವಾಗ ಅಥವಾ ಫೋನ್ ಮಾಡುವಾಗ ‘ಅನುಕೂಲವಿದೆಯೇ’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರವೇ ಬರುತ್ತದೆ. ಆದುದರಿಂದ ಬಾಗಿಲು ಎಷ್ಟು ಅಗಲ, ಎಷ್ಟು ಮೆಟ್ಟಿಲು, ಶೌಚಗೃಹದಲ್ಲಿ ಕುರ್ಚಿಯಂಥ ಆಸನವಿದೆಯೇ, ಹಿಡಿದುಕೊಳ್ಳಲು ಸರಳಿದೆಯೇ ಎಂದು ಒಂದೊಂದಾಗಿ ಕೇಳಬೇಕು. ಕಾಲಿನಲ್ಲಿ ಸ್ಪರ್ಶಜ್ಞಾನವಿಲ್ಲದವರಿಗೆ ಕಾದ ಬಂಡೆ ಸುಟ್ಟರೂ ತಿಳಿಯುವುದಿಲ್ಲ. ಅವರ ಪಾದವನ್ನು ಮನೆಯವರು ನೋಡುತ್ತಿರಬೇಕು. ಒಂದೇ ಭಂಗಿಯಲ್ಲಿ ಕುಳಿತವರಿಗೆ ಹುಣ್ಣಾಗುತ್ತದೆ. ಅರ್ಧ ಗಂಟೆಗೊಮ್ಮೆಯಾದರೂ ಭಾರವನ್ನು ಬದಲಿಸಬೇಕು. ರಾತ್ರಿಭೋಜನ ತ್ಯಾಗವಿರುವ ಮನೆಗಳಲ್ಲಿ ನಿಧಾನವಾಗಿ ಉಣ್ಣುವವರ ಊಟಕ್ಕೆ ಸೂರ್ಯಾಸ್ತದ ಮೊದಲು ಸಾಕಷ್ಟು ಹೊತ್ತು ಸಿಕ್ಕುವಂತೆ ಪ್ರಯಾಣವನ್ನು ಹೊಂದಿಸಬೇಕು. ಗಾಲಿಕುರ್ಚಿಯ ಚಕ್ರಗಳನ್ನು ಬಸದಿಯ ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕಾಲು ತೊಳೆದಂತೆಯೇ. ಕ್ಯಾಲಿಪರಿನ ಪಟ್ಟಿ ಚರ್ಮದ್ದಾಗಿದ್ದರೆ ಬಟ್ಟೆಯ ಅಥವಾ ರೆಕ್ಸಿನ್ನಿನ ಪಟ್ಟಿಯನ್ನು ಮೊದಲೇ ಹಾಕಿಸಿಕೊಳ್ಳುವುದು ಮೇಲು. ಬಾಗಿಲಲ್ಲಿ ನಿಂತು ವಾದಿಸುವ ಅವಮಾನ ತಪ್ಪುತ್ತದೆ.

ಈ ಬಗೆಯ ಚಿಂತನೆ ನಮ್ಮವರಿಗೆ ಹೊಸದೇನಲ್ಲ. 1968ರಲ್ಲಿ ಜಯಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮರೂ ವೈದ್ಯ ಪಿ. ಕೆ. ಸೇಠಿಯವರೂ ರೂಪಿಸಿದ ಕೃತಕ ಪಾದದ ವಿಶೇಷವೆಂದರೆ, ಅದನ್ನು ತೊಟ್ಟವನು ಬರಿಗಾಲಿನವನಂತೆಯೇ ನಡೆಯಬಲ್ಲನು, ಚಕ್ಕಳಮಕ್ಕಳ ಹಾಕಿ ಕೂರಬಲ್ಲನು. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಹಿನ್ನೆಲೆಯಲ್ಲಿ 1975ರಲ್ಲಿ ಅದೇ ಊರಿನಲ್ಲಿ ಡಿ. ಆರ್. ಮೆಹತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಈ ಪಾದವನ್ನು ಬಡವರಿಗೆ ಉಚಿತವಾಗಿ ತೊಡಿಸುತ್ತ ಬಂದಿದೆ. ಉತ್ಸವವು ಮೆರವಣಿಗೆಯಲ್ಲಿ ಮುಗಿಯದೆ ನಡೆಯಲಾರದವರ ನಡೆಯಾಗಿ ಉಳಿಯಿತು. ಬಸದಿಗಳ, ಛತ್ರಗಳ ಆಡಳಿತ ಮಂಡಳಿಗಳಿಗೆ ಇದು ಆದರ್ಶವಾಗಬೇಕು. ಪುರಾತನ ಬೆಟ್ಟದ ಬಂಡೆಯನ್ನು ಕಡಿಯಬೇಕೆಂದು ಯಾರೂ ಹೇಳುವುದಿಲ್ಲ. ವಿಂಧ್ಯಗಿರಿಯಂಥ ಸ್ಮಾರಕಗಳು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಆದರೆ ಛತ್ರದ ಹೊಸ್ತಿಲು, ಭೋಜನಶಾಲೆಯ ಮೆಟ್ಟಿಲು, ಸ್ನಾನಗೃಹದ ಬಾಗಿಲು ಪುರಾತನವಲ್ಲ. ಒಂದು ಅಡಿ ಏರಿಕೆಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಕಟ್ಟಿದರೆ ಗಾಲಿಕುರ್ಚಿ ಏರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನು ದಯೆಯೆಂದು ಕರೆಯದೆ ಹಕ್ಕೆಂದು ಕರೆದಿದೆ. ಕಾಯಿದೆಯ ಭಯದಿಂದ ಕಟ್ಟುವುದಕ್ಕಿಂತ ಧರ್ಮಬುದ್ಧಿಯಿಂದ ಕಟ್ಟುವುದು ಜಿನಭಕ್ತರಿಗೆ ಶೋಭೆ.

ಕಟ್ಟಡಕ್ಕಿಂತ ಕಷ್ಟವಾದುದು ಕಣ್ಣನ್ನು ತಿದ್ದುವುದು. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಮೂರನೆಯದು. ಅದಕ್ಕೆ ಉದಾಹರಣೆಯಾದ ಉದ್ದಾಯನ ಮಹಾರಾಜನ ಕಥೆ ಎಲ್ಲರಿಗೂ ತಿಳಿದದ್ದು. ರೋಗದಿಂದ ಕೊಳೆತ ಮುನಿಯ ವೇಷದಲ್ಲಿ ಬಂದ ದೇವನು ಉಂಡುದನ್ನೆಲ್ಲ ಕಾರಿಕೊಂಡಾಗ, ಪರಿಜನರು ಮೂಗು ಮುಚ್ಚಿ ಓಡಿದರೂ ಅರಸನು ತಾನು ಕೊಟ್ಟ ಆಹಾರದಲ್ಲಿಯೇ ದೋಷವಿತ್ತೇನೋ ಎಂದು ತನ್ನನ್ನು ನಿಂದಿಸಿಕೊಂಡು ಆ ದೇಹವನ್ನು ತೊಳೆದನು. ಅರಸನು ಮುನಿಯಲ್ಲಿ ತಪ್ಪು ಹುಡುಕಲಿಲ್ಲ, ತನ್ನ ಏರ್ಪಾಡಿನಲ್ಲಿ ಹುಡುಕಿದನು. ಯಾತ್ರೆಯಲ್ಲಿ ಜೊಲ್ಲು ಸುರಿಸುವ, ಕೈಕಾಲು ಅದುರುವ, ಜೋರಾಗಿ ಕೂಗುವ ಒಬ್ಬರನ್ನು ಕಂಡಾಗ ದಾರಿ ಬಿಟ್ಟು ಸರಿಯುವ, ಅವರೆದುರಿಗೇ ‘ಅಯ್ಯೋ ಪಾಪ’ ಎನ್ನುವ ಸಹಯಾತ್ರಿಗಳು ಆ ಕಥೆಯನ್ನು ಮತ್ತೊಮ್ಮೆ ನೆನೆಯಬೇಕು.

ಆ ಮನೆಗೆ ಹಿಂದಿರುಗೋಣ. ಊರಿನ ಹಿರಿಯರೊಬ್ಬರು, ಹೊರಡುವ ಮುಂಚೆ ಮಗಳನ್ನೂ ಒಂದು ಮಾತು ಕೇಳಿ ಎಂದರು. ತಂದೆ ಕೇಳಿದರು. ಅವಳ ಉತ್ತರ ನಿಧಾನವಾಗಿ ಬಂತು: “ಅಪ್ಪ, ಅಮ್ಮ ಊಟ ಮಾಡಿರುವ ದಿನ ಹೋಗೋಣ.”

ಅಷ್ಟೇ. ಅವಳಿಗೆ ಬೆಟ್ಟ ಬೇಡವೆಂದಿಲ್ಲ. ಹದಿನೇಳು ವರ್ಷ ಕಾದವಳು ಅವಳೂ ಹೌದು. ಆದರೆ ತನ್ನನ್ನು ಎತ್ತುವ ಕೈಗಳ ನಡುಕವನ್ನು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ. ಶಾಸ್ತ್ರವು ಹೇಳಿದ ಅನುಕಂಪೆ ಯಾರಲ್ಲಿ ಎಚ್ಚರವಾಗಿತ್ತೆಂಬುದು ಅಂದು ತಿಳಿಯಿತು.

ಯಾತ್ರೆ ಕೆಲವು ದಿನ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವಳ ಅಣ್ಣ, ಬೆನ್ನು ಬಾಗಿಸದೆ ಮಂಡಿ ಬಗ್ಗಿಸಿ ತಂಗಿಯನ್ನು ಎತ್ತುವ ಬಗೆಯನ್ನು ತಾಯಿಯಿಂದ ಕಲಿತನು. ಡೋಲಿಯವರು ನಸುಕಿನಲ್ಲಿಯೇ ಸಿದ್ಧರಿದ್ದರು. ಪಕ್ಕದಲ್ಲಿ ಅಣ್ಣ, ಹಿಂದೆ ತಂದೆ. ತಾಯಿ ಬರಿಗೈಯಲ್ಲಿ ಮೆಟ್ಟಿಲು ಹತ್ತಿದರು. ಎಷ್ಟೋ ವರ್ಷಗಳ ಮೇಲೆ ಯಾವುದನ್ನೂ ಯಾರನ್ನೂ ಹಿಡಿದುಕೊಳ್ಳದೆ, ಎರಡೂ ಕೈ ಜೋಡಿಸಿ ಆಕೆ ಭಗವಂತನೆದುರು ನಿಂತರು. ತಂದೆಯ ಸಂಕಲ್ಪವೂ ಪೂರ್ಣವಾಯಿತು. ಹಿಂದಿರುಗಿದ ಸಂಜೆ ಸಾಮಾಯಿಕದ ಬಳಿಕ ಆ ಮನೆಯವರು ಒಟ್ಟಿಗೆ ಕುಳಿತು ಆಲೋಚನೆ ಮಾಡಿಕೊಂಡರು: ಎಲ್ಲಿ ಯಾರಿಗೆ ನೋವಾಯಿತು, ಯಾವುದನ್ನು ಮೊದಲೇ ನೋಡಬಹುದಿತ್ತು, ಯಾರನ್ನು ಕೇಳಲು ಮರೆತೆವು. ಡೋಲಿಯವರಿಗೆ ನಡುದಾರಿಯಲ್ಲಿ ನೀರು ಕೊಡಲು ಮರೆತದ್ದು ತಂದೆಗೆ ನೆನಪಾಯಿತು. ಪ್ರತಿಕ್ರಮಣದಲ್ಲಿ ಅದನ್ನೂ ಸೇರಿಸಿಕೊಂಡರು.

ಯಾತ್ರೆಗೆ ಹೊರಡುವ ಪ್ರತಿಯೊಂದು ಮನೆಯೂ ಹೊರಡುವ ಮೊದಲು ಇಷ್ಟನ್ನು ಮಾಡಲಿ: ಮನೆಯಲ್ಲಿ ಅತ್ಯಂತ ನಿಧಾನವಾಗಿ ಮಾತನಾಡುವವರನ್ನು ಮೊದಲು ಕೇಳಲಿ, ಅತ್ಯಂತ ಹೆಚ್ಚು ದುಡಿಯುವವರ ಉಪವಾಸದ ದಿನವನ್ನು ಬಿಟ್ಟು ದಿನ ಗೊತ್ತುಮಾಡಲಿ, ಹೊರುವವರ ಹೆಗಲನ್ನು ತಮ್ಮ ಹೆಗಲೆಂದು ತಿಳಿಯಲಿ. ಹಾಗೆ ಹೊರಟವರು ಬೆಟ್ಟದ ಬುಡವನ್ನು ತಲಪುವ ಮೊದಲೇ ಯಾತ್ರೆಯ ದೊಡ್ಡ ಭಾಗವನ್ನು ಮುಗಿಸಿರುತ್ತಾರೆ.